ಕ್ಯಾಪ್ಟನ್ ಸ್ಲೋಕಮ್ ಅವರಿಗೆ, ಕುಂದಾಪುರದಿಂದ

ಮಾನ್ಯ ಜೋಶುವಾ ಸ್ಲೋಕಮ್ ಅವರೇ,

ಹಾಯಿದೋಣಿಯಲ್ಲಿ ಒಬ್ಬರೇ ಭೂಮಿ ಸುತ್ತಿಬಂದ ಮೊದಲಿಗರು ನೀವು. 1895ರ ಏಪ್ರಿಲ್‌ನಲ್ಲಿ ಬಾಸ್ಟನ್ ಬಿಟ್ಟು 1898ರ ಜೂನ್‌ನಲ್ಲಿ ನ್ಯೂಪೋರ್ಟ್ ಸೇರಿದಿರಿ. 1909ರ ನವೆಂಬರ್‌ನಲ್ಲಿ ಅದೇ ದೋಣಿ ‘ಸ್ಪ್ರೇ’ ಏರಿ ಹೊರಟವರು ಮತ್ತೆ ಯಾರ ಕಣ್ಣಿಗೂ ಬೀಳಲಿಲ್ಲ. ಕಾಣೆಯಾದವರ ಜೊತೆ ಜಗಳ ಸುಲಭ, ಎದುರುತ್ತರ ಬರುವುದಿಲ್ಲ. ನನಗೆ ನಿಮ್ಮಲ್ಲೊಂದು ತಕರಾರಿದೆ.

ಹೋದ ಮಳೆಗಾಲದಲ್ಲಿ ನನ್ನ ಹೃದಯದ ರಕ್ತನಾಳವೊಂದು ಕಟ್ಟಿಕೊಂಡಿತು, ಸ್ಟೆಂಟ್ ಹಾಕಿದರು. ಟ್ರೆಡ್‌ಮಿಲ್ ಪರೀಕ್ಷೆ ಪಾಸಾದ ಮೇಲೆ ಡಾಕ್ಟರು ನೀರಿಗಿಳಿಯಲು ಒಪ್ಪಿದರು. ಭಾರ ಎತ್ತಬೇಡಿ, ನೀರು ಕುಡಿಯುತ್ತಿರಿ, ಬಿಸಿಲೇರುವ ಮುಂಚೆ ದಡ ಸೇರಿ ಎಂದರು. ಎಲ್ಲಕ್ಕೂ ತಲೆಯಾಡಿಸಿದೆ. ಒಬ್ಬರೇ ಹೋಗಕೂಡದು ಎಂದಾಗ ಮಾತ್ರ ಸಿಟ್ಟು ಬಂತು. ಕೋಡಿಯ ಕಾಂಡ್ಲಾ ಗಿಡಗಳ ನಡುವೆ ಕಯಾಕ್ ನುಗ್ಗಿಸುತ್ತಿದ್ದುದೇ ಯಾರೂ ಬೇಡ ಅನ್ನಿಸಿದಾಗ. ನಿಮ್ಮ ಪುಸ್ತಕ ಓದಿ ಹತ್ತಿಸಿಕೊಂಡ ಚಟ ಅದು.

ಈಗ ಹಿಂದಿನ ಸೀಟಿನಲ್ಲಿ ಪಕ್ಕದ ಮನೆಯ ಹುಡುಗ ಕೂರುತ್ತಾನೆ. ದೋಣಿ ಎತ್ತುವವನೂ ಅವನೇ. ನನ್ನ ಮಾತ್ರೆಗಳಲ್ಲೊಂದು ನಾಡಿಯನ್ನು ಏರಗೊಡುವುದಿಲ್ಲ, ಹಾಗಾಗಿ ಕೈಗಡಿಯಾರ ತೋರಿಸುವ ಬಡಿತದ ಲೆಕ್ಕ ನಂಬುವಂತಿಲ್ಲ. ಹುಟ್ಟು ಹಾಕುತ್ತಲೇ ಮಾತಾಡುತ್ತಿರಬೇಕು. ಒಂದು ವಾಕ್ಯ ಮುಗಿಸುವಷ್ಟರಲ್ಲಿ ಏದುಸಿರು ಬಂದರೆ ಶ್ರಮ ಹೆಚ್ಚಾಯಿತೆಂದು ಅರ್ಥ. “ಮಾತಾಡಿ ಮಾವ, ಸುಮ್ನೆ ಕೂತ್ರೆ ದಡಕ್ಕೆ ತಿರ್ಗ್ಸ್ತೆ” ಎಂದು ಹೆದರಿಸುತ್ತಾನೆ. ಮೌನಕ್ಕೆಂದೇ ಹೋಗುತ್ತಿದ್ದ ಜಾಗದಲ್ಲಿ ಈಗ ಊರ ಪಂಚಾಯಿತಿ ಸುದ್ದಿಯೆಲ್ಲ ಆಗುತ್ತದೆ.

ಹೋಗುವಾಗ ನೀರಿನ ಸೆಳೆತಕ್ಕೆ ಎದುರು, ದಣಿದು ಬರುವಾಗ ಅದರ ಜೊತೆಗೆ. ಅಳಿವೆಯತ್ತ ಸುಳಿಯುವಂತಿಲ್ಲ. ನಾಲಿಗೆಯಡಿ ಇಡುವ ಮಾತ್ರೆ ನೀರು ಹೊಗದ ಡಬ್ಬಿಯಲ್ಲಿ, ಲೈಫ್ ಜಾಕೆಟ್ಟಿನ ಜೇಬಿನಲ್ಲಿ. ರಕ್ತ ಹೆಪ್ಪುಗಟ್ಟದಂತೆ ಎರಡು ಬಗೆಯ ಮಾತ್ರೆ ನುಂಗುವುದರಿಂದ ದೋಣಿಯ ಅಂಚು ತುಸು ತಾಗಿದರೂ ಮೊಣಕಾಲ ಬದಿಯಲ್ಲಿ ನೇರಳೆ ಹಣ್ಣು ಜಜ್ಜಿದ ಹಾಗೆ ಕಲೆ.

ಸಂಜೆಯ ಕಡಲಗಾಳಿಗೆ ಗೆಳೆಯರ ಪುಟ್ಟ ಹಾಯಿದೋಣಿಯನ್ನೂ ಹತ್ತುತ್ತೇನೆ. ಥರ್ಸ್‌ಡೇ ದ್ವೀಪದಿಂದ ಕೀಲಿಂಗ್ ದ್ವೀಪಗಳವರೆಗೆ 2,700 ಮೈಲಿಯನ್ನು 23 ದಿನಗಳಲ್ಲಿ ಕ್ರಮಿಸಿದ ನೀವು ಚುಕ್ಕಾಣಿ ಹಿಡಿದದ್ದು ಒಟ್ಟು ಮೂರೇ ಗಂಟೆ ಎಂದು ಬರೆದಿದ್ದೀರಿ. ಚುಕ್ಕಾಣಿ ಕಟ್ಟಿಟ್ಟರೆ ‘ಸ್ಪ್ರೇ’ ತಾನೇ ದಾರಿ ಹಿಡಿಯುತ್ತಿತ್ತಲ್ಲ! ಹೃದ್ರೋಗಿಗೆ ಇದಕ್ಕಿಂತ ಒಳ್ಳೆಯ ಚೀಟಿ ಯಾರು ಬರೆದುಕೊಟ್ಟಾರು? ಆದರೆ ನಮ್ಮ ದೋಣಿ ಅಷ್ಟು ಸಾಧುವಲ್ಲ. ಗಾಳಿ ರಪ್ಪನೆ ಹೊರಳಿದರೆ ಹಗ್ಗ ಜಗ್ಗಬೇಕು. ಉಸಿರು ಬಿಗಿಹಿಡಿದು ಜಗ್ಗಿದರೆ ರಕ್ತದೊತ್ತಡ ಒಮ್ಮೆಗೇ ಏರುತ್ತದೆ. ಹಾಗಾಗಿ ಜಗ್ಗುವಾಗಲೆಲ್ಲ ಹೂಂಕರಿಸುತ್ತ ಉಸಿರು ಬಿಡುತ್ತೇನೆ. ಕೇಳುವವರಿಗೆ ತಮಾಷೆ.

ಈಗ ತಕರಾರು. ಅಜೋರ್ಸ್ ಬಿಟ್ಟ ಮೇಲೆ ಪ್ಲಮ್ ಹಣ್ಣು, ಬಿಳಿ ಚೀಸ್ ತಿಂದು ಹೊಟ್ಟೆ ಕಿವುಚಿ ಕ್ಯಾಬಿನ್ನಿನ ನೆಲದಲ್ಲಿ ಬಿದ್ದುಕೊಂಡಿರಿ. ಕಣ್ಣು ಬಿಟ್ಟಾಗ ಚುಕ್ಕಾಣಿಯ ಬಳಿ ಕೆಂಪು ಟೋಪಿಯ ಎತ್ತರದ ಆಳು, ತಾನು ಕೊಲಂಬಸ್ಸನ ‘ಪಿಂಟಾ’ ಹಡಗಿನವನೆಂದ. ಬಿರುಗಾಳಿಯಲ್ಲೂ ದೋಣಿ ಆ ರಾತ್ರಿ ದಿಕ್ಕು ತಪ್ಪದೆ 90 ಮೈಲಿ ಸಾಗಿತ್ತು. ಕಾಯಿಲೆ ಬಿದ್ದೊಡನೆ ನೀವೂ ಇನ್ನೊಬ್ಬನನ್ನು ದೋಣಿಗೆ ಹತ್ತಿಸಿಕೊಂಡಿರಿ, ಕ್ಯಾಪ್ಟನ್! ಆಮೇಲೂ ಒಂಟಿಯೆಂಬ ಹೆಸರನ್ನು ಬಿಟ್ಟುಕೊಡಲಿಲ್ಲ. ನನಗೆ ಆ ರಿಯಾಯಿತಿ ಏಕಿಲ್ಲ? ನಿಮ್ಮವನು ಊಟ ಕೇಳದ ದೆವ್ವ. ನನ್ನವನು ದಡ ಮುಟ್ಟಿದ ಕೂಡಲೇ ಬಿಸಿ ಗೋಳಿಬಜೆ ಕೇಳುತ್ತಾನೆ, ನಾನು ಮುಟ್ಟದ ಹಾಗೆ ಪ್ಲೇಟನ್ನು ಆಚೆ ಸರಿಸಿಕೊಂಡು ತಿನ್ನುತ್ತಾನೆ. ದುಡ್ಡು ಮಾತ್ರ ನನ್ನದು.

ಇತಿ,
ಮುಂದಿನ ಸೀಟಿನವನು