ಕೇಳಲು ಸಂಕೋಚಪಡುವ ಪ್ರಶ್ನೆಗಳು

ಊರಿನಿಂದ ಹಿರಿಯರು ಬಂದು ಕೆಲವು ವಾರ ಜೊತೆಯಲ್ಲಿರುವುದು ಸುಬಾಂಗ್ ಜಯಾದ ನಮ್ಮ ಕನ್ನಡ ಮನೆಗಳಿಗೆ ಹಬ್ಬವಿದ್ದಂತೆ. ಆ ದಿನಗಳಲ್ಲಿ ಆಗಾಗ ಕೇಳಿಬರುವ ಮಾತು: "ಸೊಂಟ ಹಿಡಿದುಕೊಂಡಿದೆ." ವಿಮಾನದ ಇಕ್ಕಟ್ಟು, ಹೊಸ ಹಾಸಿಗೆ, ಉಪ್ಪಿನಕಾಯಿ ತುಂಬಿದ ಪೆಟ್ಟಿಗೆ ಎತ್ತಿದ್ದು, ಹೀಗೆ ಕಾರಣಗಳಿಗೆ ಬರವಿಲ್ಲ.

ಬಹುತೇಕ ಸೊಂಟನೋವು ಅಪಾಯಕಾರಿಯಲ್ಲ. ಕೆಲವು ವಾರಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಮಲಗಿಯೇ ಇರುವುದಕ್ಕಿಂತ ಆದಷ್ಟು ನಡೆದಾಡುವುದು ಹಿತ. ಎಂಆರ್‌ಐ ಎಲ್ಲರಿಗೂ ಬೇಕಿಲ್ಲ. ಆದರೆ ನೋವು ಎಷ್ಟಿದೆ ಎಂಬುದೊಂದರಿಂದಲೇ ಅಪಾಯವನ್ನು ಅಳೆಯಲಾಗದು.

ಬೆನ್ನುಹುರಿಯು ಸೊಂಟದ ಮೇಲ್ಭಾಗದಲ್ಲಿಯೇ ಮುಗಿಯುತ್ತದೆ. ಅಲ್ಲಿಂದ ಕೆಳಕ್ಕೆ ಇಳಿಯುವ ನರಗಳ ಗೊಂಚಲಿಗೆ ಲ್ಯಾಟಿನ್ ಭಾಷೆಯಲ್ಲಿ 'ಕುದುರೆಯ ಬಾಲ' ಎಂಬರ್ಥದ 'ಕಾಡಾ ಇಕ್ವೈನಾ' ಎಂಬ ಹೆಸರಿದೆ. ಜಾರಿದ ಡಿಸ್ಕ್ ಈ ಗೊಂಚಲನ್ನು ಅದುಮಿದರೆ ಮೂತ್ರ ಕಟ್ಟಬಹುದು, ಮಲಮೂತ್ರಗಳ ಹಿಡಿತ ತಪ್ಪಬಹುದು, ಗುದ ಹಾಗೂ ಜನನಾಂಗದ ಸುತ್ತ, ತೊಡೆಗಳ ಒಳಭಾಗದಲ್ಲಿ ಜೋಮು ಹಿಡಿಯಬಹುದು, ಎರಡೂ ಕಾಲುಗಳು ಸೋಲಬಹುದು. ಇವುಗಳಲ್ಲಿ ಒಂದು ಹೊಸದಾಗಿ ಕಂಡರೂ ಬೆಳಗಾಗಲೆಂದು ಕಾಯದೆ ತುರ್ತುಚಿಕಿತ್ಸೆಗೆ ಹೋಗಬೇಕು. ಮಲೇಷ್ಯಾದ ತುರ್ತು ಸಂಖ್ಯೆ 999. ತಡವಾದರೆ ನರಗಳ ಹಾನಿ ಶಾಶ್ವತವಾಗಬಹುದು.

ನಿಧಾನವಾಗಿ ಬರುವ ಅಪಾಯಗಳೂ ಇವೆ. ವಾರಗಟ್ಟಲೆ ಬಿಡದ ನೋವಿನೊಡನೆ ಸಂಜೆಯ ಜ್ವರ, ರಾತ್ರಿಯ ಬೆವರು, ತೂಕದ ಇಳಿಕೆ ಇದ್ದರೆ ಬೆನ್ನುಮೂಳೆಯ ಕ್ಷಯವನ್ನು ಶಂಕಿಸಬೇಕು. 1779 ರಲ್ಲಿ ಇಂಗ್ಲೆಂಡಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ವಿವರಿಸಿದ ಈ ಕಾಯಿಲೆ ಭಾರತದಲ್ಲಿ ಇಂದಿಗೂ ಅಪರೂಪವಲ್ಲ. ಹಿಂದೆ ಕ್ಯಾನ್ಸರ್ ಆಗಿದ್ದವರು ಹೊಸ ಬೆನ್ನುನೋವನ್ನು ಕಡೆಗಣಿಸಬಾರದು. ಮೂಳೆ ಟೊಳ್ಳಾದವರಲ್ಲಿ, ದೀರ್ಘಕಾಲ ಸ್ಟೀರಾಯ್ಡ್ ಸೇವಿಸಿದವರಲ್ಲಿ ಸಣ್ಣ ಬೀಳುವಿಕೆಯೂ ಮೂಳೆಯನ್ನು ಮುರಿಯಬಲ್ಲದು.

ನಮ್ಮ ನಿಜವಾದ ತೊಡಕು ಇರುವುದು ಭಾಷಾಂತರದಲ್ಲಿ. ವೈದ್ಯರು ಇಂಗ್ಲಿಷಿನಲ್ಲಿಯೋ ಮಲಯ್ ಭಾಷೆಯಲ್ಲಿಯೋ ಕೇಳಿದ್ದನ್ನು ಅಮ್ಮನಿಗೆ ಕನ್ನಡದಲ್ಲಿ ದಾಟಿಸುವವರು ನಾವು. "ಮೂತ್ರ ಸರಿಯಾಗಿ ಹೋಗುತ್ತಿದೆಯೇ? ತೊಳೆದುಕೊಳ್ಳುವಾಗ ಸ್ಪರ್ಶ ತಿಳಿಯುತ್ತದೆಯೇ?" ಎಂದು ಕೇಳಲು ಮಗನ ನಾಲಿಗೆ ತಡವರಿಸುತ್ತದೆ, ಪ್ರಶ್ನೆ ಮೆದುವಾಗಿ "ಬೇರೇನೂ ತೊಂದರೆ ಇಲ್ಲ ತಾನೆ?" ಎಂದಾಗಿಬಿಡುತ್ತದೆ. ಅಮ್ಮ "ಏನೂ ಇಲ್ಲಪ್ಪ" ಎನ್ನುತ್ತಾಳೆ. ಮಕ್ಕಳ ಖರ್ಚು ಹೆಚ್ಚೀತೆಂಬ ಅಳುಕೂ ಆ ಉತ್ತರದೊಳಗೆ ಇರುತ್ತದೆ.

ಆದುದರಿಂದ ಈ ಪ್ರಶ್ನೆಗಳನ್ನು ಮನೆಯಲ್ಲಿಯೇ, ಏಕಾಂತದಲ್ಲಿ, ಬೇಕಾದರೆ ಸೊಸೆಯೋ ಮಗಳೋ ಕೇಳಲಿ; ನೇರವಾದ ಕನ್ನಡದಲ್ಲಿಯೇ ಕೇಳಲಿ. ಬಂದ ಉತ್ತರವನ್ನು ಬರೆದಿಟ್ಟುಕೊಂಡು ವೈದ್ಯರಿಗೆ ಯಥಾವತ್ತಾಗಿ ತಿಳಿಸೋಣ. ಹಿರಿಯರ ಮರ್ಯಾದೆಗೆ ಇದರಿಂದ ಕುಂದಿಲ್ಲ.