ಗೊಬ್ಬರದ ಚೀಲ ಅಲ್ಲಜ್ಜಿ!

ಅಕ್ಟೋಬರಿನಲ್ಲಿ ಮಗಳ ಮನೆಗೆಂದು ಕೆನಡಾದ ಸಸ್ಕಟೂನಿಗೆ ಹೋಗಿದ್ದೆ. ಊರು ದಾಟಿದರೆ ಕಣ್ಣು ಹಾಯುವವರೆಗೂ ಕೊಯ್ಲಾದ ಗೋಧಿ ಹೊಲ. ನಡುನಡುವೆ ತಟ್ಟೆಯಲ್ಲಿ ನೀರಿಟ್ಟ ಹಾಗೆ ಹೊಂಡಗಳು. ಸಾವಿರಾರು ವರ್ಷಗಳ ಹಿಂದೆ ಹಿಮರಾಶಿ ಕರಗಿದಾಗ ಉಳಿದ ತಗ್ಗುಗಳಂತೆ. ಅಲ್ಲಿಯವರು ‘ಸ್ಲೂ’ ಎನ್ನುತ್ತಾರೆ.

“ನೋಡೇ, ಯಾರೋ ಗೊಬ್ಬರದ ಚೀಲ ಬಿಟ್ಟು ಹೋಗಿದ್ದಾರೆ” ಎಂದೆ. ಮೊಮ್ಮಗಳು ದುರ್ಬೀನು ಹಿಡಿದಳು. “ಚೀಲ ಅಲ್ಲಜ್ಜಿ, ವೂಪಿಂಗ್ ಕ್ರೇನ್!”

ಚೀಲ ಕತ್ತೆತ್ತಿತು! ಐದಡಿ ಎತ್ತರ, ಅಚ್ಚ ಬಿಳುಪು, ನೆತ್ತಿಯ ಮೇಲೆ ಕೆಂಪು. ಪಕ್ಕದಲ್ಲಿ ಜೋಡಿ ಹಕ್ಕಿ, ಜೊತೆಗೆ ಕಂದುಬಣ್ಣ ಇನ್ನೂ ಮಾಸದ ಮರಿ. ಎರಡು ಮೊಟ್ಟೆ ಇಟ್ಟರೂ ಸಾಮಾನ್ಯವಾಗಿ ಉಳಿಯುವುದು ಒಂದೇ ಮರಿಯಂತೆ. ಹತ್ತಿರ ಹೋಗೋಣವೆಂದು ಬಾಗಿಲು ತೆರೆಯಹೋದರೆ ಅವಳು ಕೈ ಹಿಡಿದು ಕೂರಿಸಿದಳು. ಬೆದರಿ ಹಾರಿದರೆ ದಾರಿಗೆ ಕೂಡಿಟ್ಟ ಶಕ್ತಿ ದಂಡ. ಟೆಕ್ಸಾಸಿನ ಕಡಲತೀರ ಇನ್ನೂ ಸುಮಾರು 2,800 ಕಿ.ಮೀ. ದೂರ!

ಮೊದಲು ಈ ಬಯಲಿನಲ್ಲೇ ಗೂಡು ಕಟ್ಟುತ್ತಿದ್ದವು. ರೈತರು ಸ್ಲೂಗಳ ನೀರು ಬಸಿದು ಉತ್ತರು, ಬೇಟೆಯವರು ಕೋವಿ ಹಿಡಿದರು. ಸಸ್ಕಾಚೆವಾನಿನ ಬಯಲಿನಲ್ಲಿ ಕೊನೆಯ ಗೂಡು ಕಂಡದ್ದು 1922ರಲ್ಲಿ. 1941ರ ಹೊತ್ತಿಗೆ ಲೋಕದಲ್ಲೇ ಉಳಿದಿದ್ದವು 20ರ ಆಸುಪಾಸು. 1954ರಲ್ಲಿ ದೂರದ ಉತ್ತರದಲ್ಲಿ, ನೇಗಿಲು ಹೋಗದ ವುಡ್ ಬಫಲೋ ಉದ್ಯಾನದ ಜೌಗಿನಲ್ಲಿ ಅವುಗಳ ಗೂಡು ಸಿಕ್ಕಿತು. ಕಾಪಾಡಿದ್ದರಿಂದ ಆ ಹಿಂಡಿನಲ್ಲಿ ಈಗ 500ಕ್ಕೂ ಹೆಚ್ಚು ಹಕ್ಕಿಗಳಿವೆ. ಈ ಬಯಲು ಮಾತ್ರ ಅವಕ್ಕೆ ಈಗ ತವರಲ್ಲ, ದಾರಿಯ ಛತ್ರ.

“ಹಗಲು ಗೋಧಿಕಾಳು ತಿಂತಾವೆ. ರಾತ್ರಿ ಸ್ಲೂನಲ್ಲಿ ನಿಂತೇ ನಿದ್ದೆ. ನರಿಯಂಥ ಕಯೋಟಿ ಬಂದರೆ ನೀರು ಸದ್ದು ಮಾಡತ್ತಲ್ಲ, ಎಚ್ಚರ ಆಗತ್ತೆ” ಎಂದಳು.

ನನಗೆ ನಮ್ಮ ಹೊಲದ ಮೂಲೆಯ ಕುಂಟೆ ನೆನಪಾಯಿತು. ಎರಡು ಗುಂಟೆ ರಾಗಿ ಹೆಚ್ಚು ಬೆಳೆಯಲಿ ಎಂದು ಹಟ ಹಿಡಿದು ಮಣ್ಣು ಹೊಡೆಸಿದವಳು ನಾನೇ. ಅವಳಿಗೆ ಹೇಳಿಬಿಟ್ಟೆ.

“ಅಲ್ಲಿಗೆ ಬರ್ತಿದ್ದ ಹಕ್ಕಿಗಳು?”

“ಬೆಳ್ಳಕ್ಕಿ ಬರ್ತಿದ್ದವು.”

“ಆಮೇಲೆ ಎಲ್ಲಿಗೆ ಹೋದವು?”

“ನೋಡಲಿಲ್ಲ ಕಣೇ.”

ಅವಳೂ ಮತ್ತೆ ಕೇಳಲಿಲ್ಲ. ಫ್ಲಾಸ್ಕಿನ ಕಾಫಿ ಆರುತ್ತಿತ್ತು. ಹೊತ್ತು ಮುಳುಗುವಾಗ ಮೂರೂ ಹಾರಿ ಸ್ಲೂಗೆ ಇಳಿದವು. ಮರಿ ನಡುವೆ ನಿಂತಿತು. ಕತ್ತಲಲ್ಲಿ ಬಿಳುಪು ಕರಗುವವರೆಗೂ ನಾವು ಕಾರು ಚಾಲೂ ಮಾಡಲಿಲ್ಲ.