ನಾನು ಕಾಯಬೇಕಿದ್ದ ದಿನಗಳು

ನನ್ನ ತಮ್ಮ ಅಂಗಡಿ ಬಾಕಿಯನ್ನೆಲ್ಲ ತೀರಿಸಿ ಬಂದ ದಿನ ನಾನು ದೇವರಿಗೆ ಕಾಯಿ ಒಡೆಸಿದೆ. ಎರಡು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದ್ದವನು ಎದ್ದು ತಲೆಗೆ ನೀರು ಹಾಕಿಕೊಂಡಿದ್ದ, ಅವ್ವನ ಕೈಯಲ್ಲಿ ಬಿಸಿ ಮುದ್ದೆ ಹಾಕಿಸಿಕೊಂಡು ಉಂಡಿದ್ದ. ತನ್ನ ಕೈಗಡಿಯಾರ ಬಿಚ್ಚಿ ನನ್ನ ಮಗನಿಗೆ ಕಟ್ಟಿದ್ದ. ಸದ್ಯ, ಗಂಡಾಂತರ ಕಳೆಯಿತು ಅಂದುಕೊಂಡೆ. ಮೂರನೇ ದಿನ ನೆಂಟರ ಮದುವೆಗೆ ಹಿರಿಯೂರಿಗೆ ಹೋದೆ. ಅವತ್ತು ಮಧ್ಯಾಹ್ನ ಅವನು ಪ್ರಾಣ ಕಳೆದುಕೊಳ್ಳಲು ನೋಡಿದ. ಅವ್ವ ಹೊಲದಿಂದ ಬೇಗ ಬಂದದ್ದರಿಂದ ಉಳಿದುಕೊಂಡ.

ನಮ್ಮದು ಐಮಂಗಲದ ಮಗ್ಗುಲ ಹಳ್ಳಿ. ಹೆದ್ದಾರಿಯ ಲಾರಿ ಸದ್ದು ರಾತ್ರಿಯೆಲ್ಲ ಕೇಳುತ್ತದೆ. ಶೇಂಗಾ, ಈರುಳ್ಳಿ ಹಾಕಿ ಮೋಡ ನೋಡುವ ಸೀಮೆ. ಇಲ್ಲಿ ಯಾರಾದರೂ ಬೋರ್‌ವೆಲ್ ಕೊರೆಸಿದರೆ ಹುಚ್ಚು ಅನ್ನುವುದಿಲ್ಲ, ಧೈರ್ಯ ಅನ್ನುತ್ತಾರೆ. ಹಾಗಾಗಿ, ಅದಕ್ಕೂ ಕೆಲವು ವರ್ಷ ಮೊದಲು ತಮ್ಮ ರಾತ್ರಿ ಎರಡು ಗಂಟೆಯಷ್ಟೇ ನಿದ್ದೆ ಮಾಡಿ, ಬಡ್ಡಿ ಸಾಲ ತಂದು, ಒಂದೇ ವಾರದಲ್ಲಿ ಎರಡು ಬೋರ್ ಕೊರೆಸಿದಾಗ ನಾವು ಅವನನ್ನು ಹೊಗಳಿದೆವು. ಎರಡರಲ್ಲೂ ಧೂಳೇ ಬಂತು. ತಿಂಗಳೊಳಗೆ ಅವನು ಕುಸಿದ. ಊರವರು ಸಾಲದ ಚಿಂತೆ ಅಂದರು, ಅವ್ವ ತಾಯತ ಕಟ್ಟಿಸಿದಳು. ಇದು ಬೈಪೋಲಾರ್, ಉಬ್ಬರ–ಇಳಿತದ ಕಾಯಿಲೆ ಎಂದು ಬೆಂಗಳೂರಿನ ಡಾಕ್ಟರು ಹೇಳಿದಾಗಲೇ ಗೊತ್ತಾದದ್ದು.

ಲಿಥಿಯಂ ಮಾತ್ರೆ ಶುರುವಾಯಿತು. ಎರಡು ವರ್ಷ ಅವನು ಚೆನ್ನಾಗಿದ್ದ. ಆಮೇಲೆ ಹೆಣ್ಣಿನ ಕಡೆಯವರು ಮನೆ ನೋಡಲು ಬರುವ ಮಾತಾಯಿತು. ಮಾತ್ರೆ ಡಬ್ಬಿಯನ್ನು ಟ್ರಂಕಿನ ತಳಕ್ಕೆ ಹಾಕಿದವನು ನಾನು. "ಚೆನ್ನಾಗೇ ಇದೀಯಲ್ಲೋ, ಇನ್ನೂ ಎಷ್ಟು ದಿನ ಅದನ್ನ ನುಂಗ್ತೀಯ?" ಅಂದವನೂ ನಾನೇ. ಅಣ್ಣನ ಮಾತು ಮೀರದೆ ಅವನು ನಿಲ್ಲಿಸಿದ. ಆ ಸಂಬಂಧ ಕೂಡಿಬರಲಿಲ್ಲ. ಕಾಯಿಲೆ ಮಾತ್ರ ತಿರುಗಿ ಬಂತು, ಅವನು ಗೋಡೆಗೆ ಮುಖ ಮಾಡಿ ಮಲಗಿದ.

ಲಿಥಿಯಂ ಹೊಸ ಔಷಧವಲ್ಲ. ಉನ್ಮಾದಕ್ಕೆ ಅದು ಆಗುತ್ತದೆಂದು ಆಸ್ಟ್ರೇಲಿಯಾದ ಜಾನ್ ಕೇಡ್ 1949ರಲ್ಲೇ ಬರೆದ. ಮನಸ್ಸನ್ನು ಹದದಲ್ಲಿಡುವುದರ ಜೊತೆಗೆ ಆತ್ಮಹತ್ಯೆಯ ಅಪಾಯವನ್ನೂ ತಗ್ಗಿಸುವ ಔಷಧ ಅದು. ಡಾಕ್ಟರನ್ನು ಕೇಳದೆ ಒಮ್ಮೆಲೇ ನಿಲ್ಲಿಸಿದರೆ ಆ ಅಪಾಯ ಮತ್ತೆ ಏರುತ್ತದೆ. ಬಿಸಿಲಲ್ಲಿ ದುಡಿದು ಮೈಯ ನೀರು ಬತ್ತಿದರೆ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚುತ್ತದೆ, ಕೆಲವು ನೋವಿನ ಮಾತ್ರೆಗಳಿಂದಲೂ ಹೆಚ್ಚುತ್ತದೆ. ಅದಕ್ಕೇ ಆಗಾಗ ರಕ್ತಪರೀಕ್ಷೆ. ಈ ಎಚ್ಚರಿಕೆಗಳೆಲ್ಲ ಡಾಕ್ಟರು ಕೊಟ್ಟ ಚೀಟಿಯಲ್ಲೇ ಇದ್ದವು. ನಾನು ಓದಿರಲಿಲ್ಲ.

ಅವನು ಪ್ರಾಣ ಕಳೆದುಕೊಳ್ಳಲು ನೋಡಿದ ದಿನ, ಕೇಸಾಗುತ್ತದೆಂದು ಹೆದರಿ, ಆಸ್ಪತ್ರೆಯಲ್ಲಿ ಆಕಸ್ಮಿಕ ಎಂದು ಸುಳ್ಳು ಹೇಳಿದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಭಾವಿಸುತ್ತದೆ, ಶಿಕ್ಷೆಯಲ್ಲ, ಆರೈಕೆ ಕೊಡಬೇಕೆನ್ನುತ್ತದೆ. ಅದು ತಿಳಿದಿದ್ದರೆ ಡಾಕ್ಟರಿಗೆ ನಿಜ ಹೇಳಿ ಹೊತ್ತು ಉಳಿಸುತ್ತಿದ್ದೆ.

"ಅವನು ಎದ್ದು ಓಡಾಡ್ತಿದ್ದ ಸಾರ್, ಚೆನ್ನಾಗಾಗಿದ್ದ" ಅಂದೆ. ಡಾಕ್ಟರು ನಿಧಾನವಾಗಿ ಹೇಳಿದರು: "ಮನಸ್ಸಿನ ಕತ್ತಲೆ ಹರಿಯೋಕೆ ಮೊದಲೇ ಕೈಕಾಲಿಗೆ ಬಲ ಬರುತ್ತೆ. ಕಾಯಬೇಕಾದ್ದು ಆ ದಿನಗಳನ್ನೇ."

ಅವನು ಅತ್ತ ರಾತ್ರಿಗಳಲ್ಲಿ ನಾನು ಎಚ್ಚರವಿದ್ದೆ. ಅವನು ಶಾಂತನಾದ ಮೇಲೆ ನಿದ್ದೆಹೋದೆ. ಬಾಕಿ ತೀರಿಸಿದ್ದು, ಗಡಿಯಾರ ಬಿಚ್ಚಿ ಕೊಟ್ಟದ್ದು ಹೊರಡುವವನ ಏರ್ಪಾಡುಗಳಾಗಿದ್ದವು. ಈ ಕಾಯಿಲೆಯವರಲ್ಲಿ ಆತ್ಮಹತ್ಯೆಯ ಅಪಾಯ ಉಳಿದವರಿಗಿಂತ 20ರಿಂದ 30 ಪಟ್ಟು ಹೆಚ್ಚೆಂದು ಅಂದಾಜಿದೆ. ಆದರೆ ಅದು ಎಲ್ಲ ದಿನವೂ ಒಂದೇ ಸಮ ಇರುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ವಾರಗಳು, ದುಃಖ ಮತ್ತು ಚಡಪಡಿಕೆ ಒಟ್ಟಿಗೆ ಸೇರಿದ ಹೊತ್ತು, ನಿದ್ದೆಗೆಟ್ಟ ರಾತ್ರಿಗಳು, ಕುಡಿತ, ಹಿಂದೊಮ್ಮೆ ಯತ್ನಿಸಿದ್ದು, ಮನೆತನದಲ್ಲಿ ಅಂಥ ಸಾವು ನಡೆದದ್ದು, ಇವೆಲ್ಲ ಅದನ್ನು ಏರಿಸುತ್ತವೆ. ಜೊತೆಗೆ ಉಬ್ಬರದಲ್ಲಿ ಮಾಡಿದ ಸಾಲ, ಆಡಿದ ಮಾತು ಇಳಿತದಲ್ಲಿ ನಾಚಿಕೆಯಾಗಿ ಕೊರೆಯುತ್ತವೆ. ಆ ಎರಡು ಬೋರ್‌ಗಳ ಲೆಕ್ಕವನ್ನು ನಾನು ಊಟದ ಹೊತ್ತಿಗೆಲ್ಲ ಅವನ ಮುಂದೆ ತೆಗೆಯುತ್ತಿದ್ದೆ.

ಈಗ ಆ ಸಾಲ ನನ್ನ ತಲೆಯ ಮೇಲಿದೆ, ಅವನೆದುರು ಅದರ ಸುದ್ದಿ ಎತ್ತುವುದಿಲ್ಲ. ಬೆಳೆಗೆ ಹೊಡೆಯುವ ಔಷಧಿ ಮನೆಯಲ್ಲಿ ಇಡುವುದಿಲ್ಲ, ಬೇಕಾದಷ್ಟೇ ತಂದು ಅವತ್ತೇ ಮುಗಿಸುತ್ತೇವೆ. ಕಡುವಿಷದ ಕೀಟನಾಶಕಗಳನ್ನು ನಿಷೇಧಿಸಿದ ಮೇಲೆ ಶ್ರೀಲಂಕಾದಲ್ಲಿ ಆತ್ಮಹತ್ಯೆಗಳು ಬಹಳ ಇಳಿದವು. ಸಾಯಬೇಕೆನ್ನಿಸುವ ಆ ಗಳಿಗೆ ದಾಟಿಸಿದರೆ ಎಷ್ಟೋ ಜೀವ ಉಳಿಯುತ್ತವೆ. ಮಾನಸಿಕ ಕಾಯಿಲೆಗೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರದ 'ಮನೋಚೈತನ್ಯ' ಚಿಕಿತ್ಸೆ ಇದೆ. 2022ರಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರು ನಮ್ಮ ಗೋಡೆಯ ಕ್ಯಾಲೆಂಡರಿನ ಮೇಲಿದೆ.

ಇನ್ನೊಂದನ್ನು ಕಲಿತೆ. ಬಾಯಿಬಿಟ್ಟು ಕೇಳುವುದು. ಕೇಳಿದರೆ ಇಲ್ಲದ ಯೋಚನೆ ತುಂಬಿದಂತಾಗುತ್ತದೆ ಎಂದು ಹೆದರಿದ್ದೆ. ಹಾಗಾಗುವುದಿಲ್ಲ, ಹೊರೆ ಇಳಿಯುತ್ತದೆ. ಅವನು ನಗುತ್ತಿರುವ ದಿನವೂ ಕೇಳುತ್ತೇನೆ: "ಸಾಯ್ಬೇಕು ಅಂತ ಏನಾದ್ರೂ ಅನ್ನಿಸ್ತಿದೆಯೇನೋ?" ಒಮ್ಮೊಮ್ಮೆ "ಇಲ್ಲಣ್ಣ" ಅನ್ನುತ್ತಾನೆ. ಒಮ್ಮೆ "ಹೂಂ" ಅಂದ. ಅವತ್ತು ನಾನು ಎಲ್ಲಿಗೂ ಹೋಗಲಿಲ್ಲ. ಇಬ್ಬರೂ ಮೊದಲ ಬಸ್ಸಿಗೆ ಡಾಕ್ಟರ ಹತ್ತಿರ ಹೋದೆವು.

ಮಾತ್ರೆ ಡಬ್ಬಿ ಈಗ ನಡುಮನೆಯ ಗೂಡಿನಲ್ಲಿದೆ. ಮೊನ್ನೆ ನೆಂಟರು ಕೂತಿದ್ದಾಗ ತಮ್ಮ ಎದ್ದು, ಅವರೆದುರಿಗೇ ಅದನ್ನು ತೆಗೆದ. ನಾನು ನೀರು ತಂದುಕೊಟ್ಟೆ.